ಫ್ರಾಂಕೆನ್‌ಸ್ಟೈನ್ ಚಲಚ್ಚಿತ್ರವೂ ಅಪರಾಧಿಯ ಮಿದುಳಿನ ಪ್ರಸಂಗವೂ

೧. ವಿಷಯೋಪಕ್ರಮ

ಮೇರಿ ಷೆಲ್ಲಿಯೆಂಬ ಆಂಗ್ಲ ಲೇಖಕಿಯು ರಚಿಸಿದ ‘ಫ್ರಾಂಕೆನ್‌ಸ್ಟೈನ್’ ಎಂಬ ಕಾದಂಬರಿಯು ೧೮೧೮ನೆಯ ಜನವರಿ ೧ನೆಯ ದಿನ ಲಂಡನ್ನಿನಲ್ಲಿ, ಕರ್ತೃವಿನ ಹೆಸರಿಲ್ಲದೆ, ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮೊದಲ ಮುದ್ರಣದ ಪ್ರತಿಗಳು ೫೦೦ ಮಾತ್ರ. ಇದಾದ ೧೧೩ ವರ್ಷಗಳ ತರುವಾಯ, ೧೯೩೧ನೆಯ ನವೆಂಬರಿನಲ್ಲಿ, ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು ಅದೇ ಹೆಸರಿನ ಚಲಚ್ಚಿತ್ರವನ್ನು ಹೊರಗೆಡಹಿದರು. ನಿರ್ದೇಶಕನು ಇಂಗ್ಲೆಂಡಿನಿಂದ ಹೋಗಿದ್ದ ಜೇಮ್ಸ್ ವ್ಹೇಲ್. ಕೃತಕಪುರುಷನ ಪಾತ್ರವನ್ನು ವಹಿಸಿದವನು ಬೋರಿಸ್ ಕಾರ್ಲಾಫ್. ಫ್ರಾಂಕೆನ್‌ಸ್ಟೈನ್ ಎಂಬುದು ಆ ಕೃತಕಪುರುಷನ ಹೆಸರಲ್ಲ, ಅವನನ್ನು ನಿರ್ಮಿಸಿದ ವಿಜ್ಞಾನಿಯ ಹೆಸರು. ಆದರೂ ಲೋಕದಲ್ಲಿ ಆ ಹೆಸರು ನಿರ್ಮಾತೃವಿನಿಂದ ನಿರ್ಮಿತನಿಗೆ ಸಂಕ್ರಮಿಸಿರುವುದು ಸರ್ವವಿದಿತವಾಗಿದೆ. ಈ ಚಿತ್ರವನ್ನು ೧೯೯೧ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಕೆಗೆ ಸೇರಿಸಿ ಸಂರಕ್ಷಣಾರ್ಹವೆಂದು ಮನ್ನಿಸಿರುವರು.

ಕಾದಂಬರಿಯನ್ನೂ ಚಿತ್ರವನ್ನೂ ಹೋಲಿಸಿ ನೋಡುವವರಿಗೆ ಅನೇಕ ಭೇದಗಳು ಕಾಣುವುವು. ನಾಯಕನ ಹೆಸರು ವಿಕ್ಟರ್ ಎಂಬುದು ಹೆನ್ರಿ ಎಂದಾಯಿತು. ನಿರರ್ಗಳವಾಗಿ ವಾದಿಸಬಲ್ಲ ಕೃತಕಪುರುಷನು ಮೂಕನಾದನು. ಇವೆಲ್ಲಕ್ಕಿಂತಲೂ ಹಿರಿದಾದ ಭೇದವು ಮತ್ತೊಂದುಂಟು. ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲದ ಒಂದು ಮಿದುಳು ಚಿತ್ರದಲ್ಲಿ ಬಂದಿದೆ. ಅದೂ ಅಪರಾಧಿಯೊಬ್ಬನ ಮಿದುಳು. ಈ ಒಂದು ಪ್ರಸಂಗದಿಂದ ಕಥೆಯ ತಾತ್ಪರ್ಯವೇ ಬೇರೆಯಾಗುವುದೋ ಇಲ್ಲವೋ, ಆದರೆ ಆ ಹೊಸ ತಾತ್ಪರ್ಯವು ಚಿತ್ರದೊಳಗೇ ನಿಲ್ಲುವುದೋ ಇಲ್ಲವೋ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

೨. ಮೂಲಗ್ರಂಥದ ಮೌನ

ಕಾದಂಬರಿಯ ವಿಕ್ಟರನು ಶ್ಮಶಾನಗಳಿಂದ ಎಲುಬುಗಳನ್ನೂ, ಶವಚ್ಛೇದನ ಶಾಲೆಯಿಂದಲೂ ಕಸಾಯಿಖಾನೆಯಿಂದಲೂ ಇತರ ಸಾಮಗ್ರಿಯನ್ನೂ ಕೂಡಿಸುವನು. ಯಾವ ಅವಯವವು ಯಾರದು ಎಂಬ ವಿಚಾರವನ್ನು ಲೇಖಕಿಯು ಎತ್ತಿಯೇ ಇಲ್ಲ. ಜೀವ ತುಂಬುವ ಕ್ರಿಯೆಯೂ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು. ಆಕೆಯ ಕಾಲದಲ್ಲಿ ವಿದ್ವಜ್ಜನರ ಕುತೂಹಲವಿದ್ದುದು ಮಿದುಳಿನ ವಿಷಯದಲ್ಲಲ್ಲ, ಜೀವದ ವಿಷಯದಲ್ಲಿ. ಇಟಲಿಯ ಬೊಲೋನ್ಯಾ ನಗರದ ಗಾಲ್ವಾನಿಯು ಸತ್ತ ಕಪ್ಪೆಯ ಕಾಲುಗಳು ವಿದ್ಯುತ್ತಿನಿಂದ ಮಿಡಿಯುವುದನ್ನು ಕಂಡು ೧೭೯೧ರಲ್ಲಿ ಗ್ರಂಥವನ್ನು ಬರೆದನು. ಆತನ ಸೋದರಿಯ ಮಗನಾದ ಆಲ್ದೀನಿಯು ೧೮೦೩ರ ಜನವರಿಯಲ್ಲಿ, ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಗಲ್ಲಿಗೇರಿಸಲ್ಪಟ್ಟ ಜಾರ್ಜ್ ಫಾರ್ಸ್ಟರನ ಶವಕ್ಕೆ ವಿದ್ಯುತ್ತನ್ನು ಹಾಯಿಸಲು, ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಲೇಖಕಿಯು ೧೮೩೧ರ ಪರಿಷ್ಕೃತ ಮುದ್ರಣದ ಪೀಠಿಕೆಯಲ್ಲಿ ಗಾಲ್ವಾನಿಯ ವಿದ್ಯೆಯನ್ನು ಸ್ಮರಿಸಿರುವಳು. ೧೮೧೬ರ ಬೇಸಗೆಯಲ್ಲಿ, ಜಿನೀವಾ ಸರೋವರದ ತೀರದಲ್ಲಿ, ಬೈರನ್ ಕವಿಯೂ ಪರ್ಸಿ ಷೆಲ್ಲಿಯೂ ನಡೆಸಿದ ಸಂಭಾಷಣೆಯ ವಸ್ತುವೂ ಜೀವದ ಮೂಲವೇ ಆಗಿದ್ದಿತು.

ಹೀಗಿರಲು ಕಾದಂಬರಿಯ ಕೃತಕಪುರುಷನು ದುಷ್ಟನಾದುದೇಕೆ? ಗ್ರಂಥದ ಉತ್ತರವು ಸ್ಪಷ್ಟವಾಗಿದೆ. ಅವನು ಕಣ್ತೆರೆದ ಕ್ಷಣದಲ್ಲಿಯೇ ನಿರ್ಮಾತೃವು ಜುಗುಪ್ಸೆಗೊಂಡು ಕೊಠಡಿಯನ್ನು ಬಿಟ್ಟೋಡಿದನು. ಹೆಸರಿಲ್ಲದೆ, ಮಾತಿಲ್ಲದೆ, ದಿಕ್ಕಿಲ್ಲದೆ ಅಲೆದ ಆ ಶಿಶುಪ್ರಾಯನು ಒಂದು ಬಡಕುಟುಂಬದ ಮನೆಯ ಗೋಡೆಯ ಬಿರುಕಿನಿಂದ ನೋಡಿ ನೋಡಿ ಭಾಷೆಯನ್ನು ಕಲಿತನು. ಮಿಲ್ಟನ್ ಕವಿಯ ಮಹಾಕಾವ್ಯವನ್ನೂ ಪ್ಲುಟಾರ್ಕನ ಚರಿತ್ರೆಗಳನ್ನೂ ಓದಿದನು. ಗುಟ್ಟಾಗಿ ಸೌದೆ ತಂದಿಟ್ಟು ಅವರಿಗೆ ಉಪಕಾರ ಮಾಡಿದನು. ಅವರೂ ಅವನ ರೂಪವನ್ನು ಕಂಡೊಡನೆ ಹೊಡೆದಟ್ಟಿದ ಮೇಲೆಯೇ ಅವನ ಮನಸ್ಸಿನಲ್ಲಿ ದ್ವೇಷವು ಬೇರೂರಿತು. ಆದಕಾರಣ ಮೂಲಗ್ರಂಥದಲ್ಲಿ ದೋಷದ ಭಾರವು ಬೀಳುವುದು ಪರಿತ್ಯಾಗದ ಮೇಲೆ, ಎಂದರೆ ನಿರ್ಮಿಸಿ ಕೈಬಿಟ್ಟವನ ಮೇಲೆ.

೩. ಚಿತ್ರದಲ್ಲಿ ಮಿದುಳಿನ ಪ್ರವೇಶ

೧೯೧೦ರಲ್ಲಿ ಎಡಿಸನ್ ಸಂಸ್ಥೆಯವರು ಇದೇ ಕಥೆಯನ್ನು ಒಂದು ಕಿರುಚಿತ್ರವಾಗಿ ತೆಗೆದಿದ್ದರು. ಅದರಲ್ಲಿ ಕೃತಕಪುರುಷನು ದೊಡ್ಡ ಕೊಪ್ಪರಿಗೆಯೊಳಗೆ ರಸಾಯನದಿಂದ ಹುಟ್ಟುವನು. ಅಲ್ಲಿಯೂ ಮಿದುಳಿನ ಮಾತಿಲ್ಲ. ೧೯೩೧ರ ಚಿತ್ರದಲ್ಲಾದರೋ ಆರಂಭದ ಭಾಗದಲ್ಲಿಯೇ ಒಂದು ವೈದ್ಯವಿದ್ಯಾಶಾಲೆಯ ದೃಶ್ಯವಿದೆ. ವಾಲ್ಡ್‌ಮನ್ ಎಂಬ ಪ್ರಾಧ್ಯಾಪಕನು ಶಿಷ್ಯರ ಮುಂದೆ ಎರಡು ಗಾಜಿನ ಭರಣಿಗಳನ್ನಿಟ್ಟು ವ್ಯಾಖ್ಯಾನಿಸುವನು. ಒಂದರಲ್ಲಿರುವುದು ದೋಷರಹಿತವಾದ ಮಿದುಳು, ಮತ್ತೊಂದರಲ್ಲಿರುವುದು ಅಪರಾಧಿಯದು. ಎರಡನೆಯದರ ಮುಂಭಾಗದಲ್ಲಿ ಮಡಿಕೆಗಳು ವಿರಳವಾಗಿವೆಯೆಂದೂ, ಆ ಭಾಗವು ಕ್ಷಯಿಸಿದೆಯೆಂದೂ, ಮೃತನು ಬದುಕಿದ್ದಾಗ ನಡೆಸಿದ ಕ್ರೌರ್ಯಕ್ಕೂ ಕೊಲೆಗೂ ಈ ಲಕ್ಷಣಗಳು ಹೊಂದಿಕೊಳ್ಳುವುವೆಂದೂ ಆತನು ನಿರೂಪಿಸುವನು.

ಪಾಠ ಮುಗಿದು ಎಲ್ಲರೂ ತೆರಳಿದ ಮೇಲೆ ಹೆನ್ರಿಯ ಸೇವಕನಾದ ಗೂನುಬೆನ್ನಿನ ಫ್ರಿಟ್ಸನು ಕಿಟಕಿಯಿಂದ ಒಳಹೊಕ್ಕು ಒಳ್ಳೆಯ ಮಿದುಳಿನ ಭರಣಿಯನ್ನು ಎತ್ತಿಕೊಳ್ಳುವನು. ಹಠಾತ್ತಾಗಿ ಕೇಳಿಬಂದ ಸದ್ದಿಗೆ ಬೆಚ್ಚಲು, ಭರಣಿಯು ಕೈಜಾರಿ ನೆಲಕ್ಕೆ ಬಿದ್ದು ಒಡೆಯುವುದು. ಬರಿಗೈಯಲ್ಲಿ ಹಿಂತಿರುಗಲಾರದೆ ಅವನು ಮತ್ತೊಂದು ಭರಣಿಯನ್ನೇ ಒಯ್ಯುವನು. ಹೆನ್ರಿಗೆ ಇದು ತಿಳಿಯದು. ಅನಂತರ ವಾಲ್ಡ್‌ಮನ್ನನು ಬಂದು, ಕಳವಾದುದು ಅಪರಾಧಿಯ ಮಿದುಳೆಂದು ತಿಳಿಸಿದಾಗ ಹೆನ್ರಿಯು ಒಂದು ಕ್ಷಣ ಕಂಗೆಟ್ಟು, ಬಳಿಕ ಚೇತರಿಸಿಕೊಂಡು, ಅದೇನಿದ್ದರೂ ಸತ್ತ ಮಾಂಸದ ತುಂಡಷ್ಟೆ ಎಂಬರ್ಥದ ಉತ್ತರವನ್ನು ಕೊಡುವನು.

ಹೀಗೆ ಚಿತ್ರಕಾರರು ಒಂದು ಅನುಮಾನವನ್ನು ಪ್ರೇಕ್ಷಕರ ಮುಂದಿಟ್ಟಂತಾಯಿತು. ಕೃತಕಪುರುಷನು ಕೊಲೆಗಾರನಾಗುವನು ಎಂಬುದು ಪ್ರತಿಜ್ಞೆ. ಕೊಲೆಗಾರನ ಮಿದುಳುಳ್ಳವನಾದುದರಿಂದ ಎಂಬುದು ಹೇತು. ಈ ಅನುಮಾನವು ಸಿದ್ಧವಾದರೆ ಹೆನ್ರಿಯ ತಪ್ಪು ಬಹುಮಟ್ಟಿಗೆ ಲಘುವಾಗುವುದು; ಸೇವಕನ ಕೈ ಜಾರದಿದ್ದಲ್ಲಿ ಎಲ್ಲವೂ ಸುಖಾಂತವಾಗುತ್ತಿತ್ತು ಎಂದು ಹೇಳಬೇಕಾಗುವುದು.

೪. ವಾಲ್ಡ್‌ಮನ್ನನ ಪಾಠದ ವಂಶಾವಳಿ

ವಾಲ್ಡ್‌ಮನ್ನನ ವ್ಯಾಖ್ಯಾನವು ಕೇವಲ ಕವಿಕಲ್ಪಿತವಲ್ಲ. ಅದರ ಹಿಂದೆ ಶತಮಾನಾಧಿಕ ಕಾಲದ ಯೂರೋಪಿನ ಶಾಸ್ತ್ರಚರ್ಚೆಯೊಂದುಂಟು. ಕ್ರಿ. ಶ. ೧೮೦೦ರ ಸುಮಾರಿನಲ್ಲಿ ವಿಯೆನ್ನಾ ನಗರದ ವೈದ್ಯನಾದ ಗಾಲನು, ಮಿದುಳು ಒಂದೇ ಅವಯವವಲ್ಲ, ಬೇರೆ ಬೇರೆ ಗುಣಗಳಿಗೆ ಆಶ್ರಯವಾದ ಅನೇಕ ಅವಯವಗಳ ಸಮೂಹವೆಂದೂ, ತಲೆಬುರುಡೆಯ ಉಬ್ಬುತಗ್ಗುಗಳಿಂದ ಶೀಲವನ್ನು ಓದಬಹುದೆಂದೂ ಬೋಧಿಸಿದನು. ಬುರುಡೆಯನ್ನು ಓದುವ ಆ ವಿದ್ಯೆಯು ಕಾಲಕ್ರಮದಲ್ಲಿ ಅಪಹಾಸ್ಯಕ್ಕೆ ಗುರಿಯಾಯಿತು. ಆದರೆ ಮಿದುಳಿನಲ್ಲಿ ಸ್ಥಾನವಿಭಾಗವುಂಟೆಂಬ ಮಾತು ಉಳಿಯಿತು. ಪ್ಯಾರಿಸಿನ ಬ್ರೋಕಾ ಎಂಬ ವೈದ್ಯನು ೧೮೬೧ರಲ್ಲಿ, ಮಾತು ಕಳೆದುಕೊಂಡು ಮೃತನಾದ ರೋಗಿಯೊಬ್ಬನ ಮಿದುಳನ್ನು ಪರೀಕ್ಷಿಸಿ, ಎಡಭಾಗದ ಮುಂದಣ ಒಂದೆಡೆಯಲ್ಲಿ ಹಾನಿಯಾಗಿರುವುದನ್ನು ತೋರಿಸಿದನು. ಇದು ಇಂದಿಗೂ ಮಾನ್ಯವಾಗಿರುವ ಸಂಶೋಧನೆ.

ಮಾತಿಗೆ ಸ್ಥಾನವಿದ್ದರೆ ಪಾಪಕ್ಕೂ ಸ್ಥಾನವಿರಬೇಕೆಂದು ಕೆಲವರು ಊಹಿಸಿದುದು ಈ ಮಾರ್ಗದಲ್ಲಿಯೇ. ಇಟಲಿಯ ಲೊಂಬ್ರೋಸೋ ಎಂಬುವನು ವಿಲೆಲ್ಲನೆಂಬ ಅಪರಾಧಿಯ ತಲೆಬುರುಡೆಯ ಹಿಂಭಾಗದಲ್ಲಿ ಕಂಡ ಒಂದು ಕುಳಿಯನ್ನು ಆಧಾರವಾಗಿಟ್ಟುಕೊಂಡು, ಅಪರಾಧಿಯು ಹುಟ್ಟಿನಿಂದಲೇ ಅಪರಾಧಿಯೆಂಬ ವಾದವನ್ನು ಕಟ್ಟಿ, ೧೮೭೬ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ೧೮೭೯ರಲ್ಲಿ ವಿಯೆನ್ನಾದ ಬೆನೆಡಿಕ್ಟನು ಅಪರಾಧಿಗಳ ಮಿದುಳುಗಳನ್ನೇ ಪರೀಕ್ಷಿಸಿ, ಅವುಗಳ ಸೀಳುಗಳೂ ಮಡಿಕೆಗಳೂ ಇತರರವುಗಳಿಗಿಂತ ಭಿನ್ನವಾಗಿರುವುವೆಂದು ಬರೆದನು. ವಾಲ್ಡ್‌ಮನ್ನನ ಎರಡು ಭರಣಿಗಳು ಈ ಪಂಥದ ಮೇಜಿನಿಂದ ಬಂದವುಗಳು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಚಿತ್ರವು ತೆರೆಗೆ ಬರುವುದಕ್ಕೆ ೧೮ ವರ್ಷಗಳ ಹಿಂದೆಯೇ, ೧೯೧೩ರಲ್ಲಿ, ಇಂಗ್ಲೆಂಡಿನ ಸೆರೆಮನೆಯ ವೈದ್ಯನಾದ ಗೋರಿಂಗನು ಸುಮಾರು ೩೦೦೦ ಅಪರಾಧಿಗಳ ಅಂಗಪ್ರಮಾಣಗಳನ್ನು ಅಳೆದು, ಇತರರೊಡನೆ ಹೋಲಿಸಿ, ಶರೀರಲಕ್ಷಣಗಳಿಂದ ಗುರುತಿಸಬಹುದಾದ ಅಪರಾಧಿವರ್ಗವೆಂಬುದಿಲ್ಲವೆಂದು ನಿರ್ಣಯಿಸಿದ್ದನು. ಶಾಸ್ತ್ರದಲ್ಲಿ ಶಿಥಿಲವಾದ ಮತವು ಜನಮನದಲ್ಲಿ ಗಟ್ಟಿಯಾಗಿ ಕುಳಿತಿದ್ದಿತು. ಮಹಾಪುರುಷರ ಮಿದುಳುಗಳನ್ನು ಹೋಳುಮಾಡಿ ಮಹತ್ತ್ವವನ್ನು ಹುಡುಕುವ ಯತ್ನವೂ ಆಗ ನಡೆಯುತ್ತಿದ್ದಿತು. ೧೯೨೪ರಲ್ಲಿ ಲೆನಿನ್ ಮೃತನಾಗಲು, ಆತನ ಮಿದುಳನ್ನು ಪರೀಕ್ಷಿಸುವುದಕ್ಕಾಗಿ ಜರ್ಮನಿಯಿಂದ ಫೋಗ್ಟ್ ಎಂಬ ಪಂಡಿತನನ್ನು ಮಾಸ್ಕೋ ನಗರಕ್ಕೆ ಬರಮಾಡಿಕೊಂಡರು. ಅಲ್ಲಿ ಮಿದುಳಿನ ಅಧ್ಯಯನಕ್ಕಾಗಿಯೇ ಒಂದು ಸಂಸ್ಥೆಯೂ ಏರ್ಪಟ್ಟಿತು. ಪ್ರೇಕ್ಷಕರು ಭರಣಿಯ ದೃಶ್ಯವನ್ನು ಪ್ರಶ್ನಿಸದೆ ಅಂಗೀಕರಿಸಿದುದರಲ್ಲಿ ಆಶ್ಚರ್ಯವಿಲ್ಲ.

೫. ಭಾರತೀಯ ಕಥಾಶಾಸ್ತ್ರಗಳೊಡನೆ ತುಲನೆ

ಶಿರಸ್ಸು ಪ್ರಧಾನವೆಂಬ ಮತವು ಭಾರತೀಯರಿಗೆ ಹೊಸತಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ಸೇರಿರುವ ವೇತಾಲಕಥೆಗಳಲ್ಲಿ, ಪತಿಯ ಶಿರಸ್ಸನ್ನು ಸೋದರನ ದೇಹಕ್ಕೂ ಸೋದರನ ಶಿರಸ್ಸನ್ನು ಪತಿಯ ದೇಹಕ್ಕೂ ಹೆಣ್ಣೊಬ್ಬಳು ಅವಸರದಲ್ಲಿ ಅದಲುಬದಲಾಗಿ ಜೋಡಿಸುವಳು. ಅವರಲ್ಲಿ ಪತಿಯು ಯಾರೆಂದು ವೇತಾಲನು ಕೇಳಲು, ಪತಿಯ ಶಿರಸ್ಸುಳ್ಳವನೇ ಪತಿ, ಅಂಗಗಳಲ್ಲಿ ಶಿರಸ್ಸೇ ಉತ್ತಮವಾದುದು ಎಂದು ರಾಜನು ಉತ್ತರಿಸುವನು. ಜರ್ಮನ್ ಲೇಖಕನಾದ ಥಾಮಸ್ ಮಾನ್ ೧೯೪೦ರಲ್ಲಿ ಈ ವಸ್ತುವನ್ನು ಕಥೆಯಾಗಿ ವಿಸ್ತರಿಸಿದನು. ಗಿರೀಶ ಕಾರ್ನಾಡರು ಅದನ್ನು ಕನ್ನಡದಲ್ಲಿ ‘ಹಯವದನ’ ನಾಟಕವನ್ನಾಗಿ ಮಾಡಿದುದನ್ನು ಸಾಹಿತ್ಯಾಧ್ಯಾಪಕರು ಬಲ್ಲರು. ಅಲ್ಲಿಯೂ ಅವಸರದಿಂದಾದ ಪ್ರಮಾದ, ಇಲ್ಲಿಯೂ ಅವಸರದಿಂದಾದ ಪ್ರಮಾದ. ಆದರೆ ಪ್ರಶ್ನೆಗಳು ಬೇರೆ. ವೇತಾಲನು ಕೇಳಿದುದು ಇವನು ಯಾರು ಎಂದು. ಇವನು ಒಳ್ಳೆಯವನೋ ಕೆಟ್ಟವನೋ ಎಂದಲ್ಲ. ವ್ಯಕ್ತಿಯ ಅಭಿಜ್ಞಾನಕ್ಕೆ ಶಿರಸ್ಸು ಪ್ರಮಾಣವಾದೀತು. ಶೀಲಕ್ಕೂ ಅದೇ ಪ್ರಮಾಣವೆಂದು ರಾಜನು ಹೇಳಲಿಲ್ಲ.

ಆಯುರ್ವೇದದಲ್ಲಿಯೂ ಇದೇ ವಿವೇಕವು ಕಾಣುವುದು. ಸುಶ್ರುತನು ಹೃದಯವನ್ನು ಚೇತನಾಸ್ಥಾನವೆಂದು ಹೇಳಿದನು. ಭೇಲಸಂಹಿತೆಯಲ್ಲಿ ಮನಸ್ಸಿಗೆ ಶಿರಸ್ಸು ಮತ್ತು ತಾಲುಗಳ ನಡುವೆ ಸ್ಥಾನವನ್ನು ಹೇಳಿದೆ. ಸ್ಥಾನದ ವಿಷಯದಲ್ಲಿ ಹೀಗೆ ಮತಭೇದವಿದ್ದರೂ, ಚರಕನು ‘ಪ್ರಜ್ಞಾಪರಾಧ’ವೆಂದು ಕರೆದ ದೋಷವು ಧೀ, ಧೃತಿ, ಸ್ಮೃತಿಗಳು ಕೆಟ್ಟು ಮಾಡುವ ಅಶುಭಕರ್ಮವೇ ಹೊರತು ತಲೆಯೊಳಗಿನ ಒಂದು ಗಂಟಲ್ಲ. ಅಪರಾಧವೆಂಬ ಶಬ್ದವೇ ಅಲ್ಲಿ ಕರ್ಮವನ್ನು ಹೇಳುವುದು, ಮಾಂಸವನ್ನಲ್ಲ.

೬. ಶ್ರುತವೂ ದೃಷ್ಟವೂ

ಇನ್ನು ಚಿತ್ರದ ಹೇತುವನ್ನು ಚಿತ್ರದಿಂದಲೇ ಪರೀಕ್ಷಿಸಬೇಕು. ಪ್ರೇಕ್ಷಕನು ಕಿವಿಯಿಂದ ಕೇಳಿದುದು ಅಪರಾಧಿಯ ಮಿದುಳಿನ ಮಾತು. ಕಣ್ಣಿಂದ ಕಂಡುದೇನು? ಕೃತಕಪುರುಷನು ಮೊದಲ ಬಾರಿಗೆ ಬೆಳಕನ್ನು ಕಂಡಾಗ, ಮೇಲ್ಛಾವಣಿಯಿಂದಿಳಿಯುವ ಆ ಬೆಳಕನ್ನು ಹಿಡಿಯಲೆಂದು ಎರಡು ಕೈಗಳನ್ನೂ ಮೇಲೆತ್ತುವನು. ಛಾವಣಿಯನ್ನು ಮುಚ್ಚಲು, ಬೇಡುವವನಂತೆ ಕೈಯೊಡ್ಡುವನು. ಅಷ್ಟರಲ್ಲಿ ಫ್ರಿಟ್ಸನು ಪಂಜನ್ನು ಹಿಡಿದು ಬರುವನು. ಬೆಂಕಿಗೆ ಹೆದರಿ ಅವನು ಬೊಬ್ಬಿಡಲು, ಅದನ್ನೇ ಕ್ರೌರ್ಯವೆಂದು ಬಗೆದು ನೆಲಮಾಳಿಗೆಯಲ್ಲಿ ಸರಪಳಿಯಿಂದ ಕಟ್ಟುವರು. ಫ್ರಿಟ್ಸನು ಅಲ್ಲಿಯೂ ಬಿಡದೆ ಚಾವಟಿಯಿಂದಲೂ ಬೆಂಕಿಯಿಂದಲೂ ಪೀಡಿಸುವನು. ಮೊದಲ ಕೊಲೆಯು ಆ ಫ್ರಿಟ್ಸನದು. ಎರಡನೆಯ ಕೊಲೆಯು ಅವನಿಗೆ ಮದ್ದುಕೊಟ್ಟು ಮಲಗಿಸಿ ಅಂಗಚ್ಛೇದನಕ್ಕೆ ಸಿದ್ಧನಾದ ವಾಲ್ಡ್‌ಮನ್ನನದು. ಹೆನ್ರಿಯಾದರೋ ಆ ವೇಳೆಗೆ ಬಳಲಿ, ತಂದೆಯೊಡನೆ ಮನೆಗೆ ತೆರಳಿ, ವಿವಾಹದ ಸಿದ್ಧತೆಯಲ್ಲಿರುವನು. ಕಾದಂಬರಿಯ ಪರಿತ್ಯಾಗವು ಹೀಗೆ ಚಿತ್ರದಲ್ಲಿ ಮತ್ತೊಂದು ಬಾಗಿಲಿನಿಂದ ಒಳಗೆ ಬಂದಿದೆ.

ಮೂರನೆಯದು ಮರಿಯಾ ಎಂಬ ಪುಟ್ಟ ಬಾಲಕಿಯ ಮರಣ. ಅವಳೊಬ್ಬಳೇ ಅವನನ್ನು ಕಂಡು ಹೆದರದೆ ಕೈಹಿಡಿದು ಕರೆದು ಹೂಗಳನ್ನು ಕೊಡುವಳು. ಇಬ್ಬರೂ ಹೂಗಳನ್ನು ಸರೋವರದಲ್ಲಿ ತೇಲಬಿಡುವರು. ಹೂಗಳು ಮುಗಿದ ಮೇಲೆ, ಹೂವಿನಂತೆ ಅವಳೂ ತೇಲುವಳೆಂದು ನಂಬಿ ಅವನು ಅವಳನ್ನು ನೀರಿಗೆಸೆದು, ಅವಳು ಮುಳುಗಿದುದನ್ನು ಕಂಡು ದಿಕ್ಕುಗೆಟ್ಟು ಓಡುವನು. ಇಲ್ಲಿ ಪೀಡನೆಯಿಲ್ಲದಿದ್ದರೂ ಸಾವಾಯಿತಲ್ಲವೇ, ಮಿದುಳಿನ ದೋಷವೇ ಇದಕ್ಕೆ ಕಾರಣವಾಗಬಾರದೇಕೆ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವಿಷ್ಟು: ಅಜ್ಞಾನದಿಂದಾದ ಕಾರ್ಯಕ್ಕೂ ದ್ವೇಷದಿಂದಾದ ಕಾರ್ಯಕ್ಕೂ ಭೇದವುಂಟು, ಯಾರೂ ಏನನ್ನೂ ಕಲಿಸದ ಶಿಶುವು ಮಾಡಿದ ತಪ್ಪು ಕೊಲೆಗಾರನ ಮಿದುಳಿಗೆ ಸಾಕ್ಷಿಯಾಗಲಾರದು. ವಿಪರ್ಯಾಸವೆಂದರೆ ಈ ಭೇದವನ್ನು ತೋರಿಸುವ ಭಾಗವನ್ನೇ ಚಿತ್ರಪರೀಕ್ಷಕರು ಕತ್ತರಿಸಿದರು. ಬಹುಕಾಲ ಪ್ರಚಾರದಲ್ಲಿದ್ದ ಪ್ರತಿಗಳಲ್ಲಿ ಅವನು ಬಾಲಕಿಯತ್ತ ಕೈಚಾಚುವುದೂ, ಅನಂತರ ತಂದೆಯು ಅವಳ ಶವವನ್ನು ಹೊತ್ತು ಊರಿನೊಳಗೆ ಬರುವುದೂ ಮಾತ್ರ ಉಳಿದಿದ್ದವು. ನಡುವೆ ನಡೆದುದನ್ನು ಪ್ರೇಕ್ಷಕನು ತನ್ನ ಮನಸ್ಸಿನಿಂದ ತುಂಬಿಕೊಳ್ಳಬೇಕಾಗಿದ್ದಿತು. ತುಂಬಿಕೊಂಡುದು ಚಿತ್ರದಲ್ಲಿದ್ದುದಕ್ಕಿಂತ ಘೋರವಾಗಿದ್ದಿರಬೇಕು. ಅಶ್ಲೀಲಭಯದಿಂದ ಮಾಡಿದ ಕತ್ತರಿಯು ಮಿದುಳಿನ ವಾದಕ್ಕೆ ಬಲವನ್ನು ಕೊಟ್ಟಿತು. ಆ ಭಾಗವು ಚಿತ್ರಕ್ಕೆ ಮರಳಿ ಸೇರಿದುದು ೧೯೮೦ರ ದಶಕದಲ್ಲಿ.

೧೯೩೫ರಲ್ಲಿ ವ್ಹೇಲನೇ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಎಂಬ ಉತ್ತರಭಾಗವು ಈ ಪರೀಕ್ಷೆಯನ್ನು ಪೂರ್ಣಗೊಳಿಸುವುದು. ಕಾಡಿನ ಗುಡಿಸಲಿನಲ್ಲಿರುವ ಕುರುಡ ತಪಸ್ವಿಯೊಬ್ಬನು ರೂಪವನ್ನು ಕಾಣಲಾರನಾದುದರಿಂದ ಅವನನ್ನು ಅತಿಥಿಯಂತೆ ಆದರಿಸಿ, ರೊಟ್ಟಿ ಕೊಟ್ಟು, ಗೆಳೆಯನೆಂಬ ಮಾತನ್ನು ಕಲಿಸುವನು. ಮಿದುಳು ಅದೇ, ಬದಲಾದುದು ಎದುರಿನವನ ನಡತೆ. ಪೀಡನೆಯಿದ್ದಲ್ಲಿ ಹಿಂಸೆ, ಆದರವಿದ್ದಲ್ಲಿ ಸ್ನೇಹ ಎಂಬ ಅನ್ವಯವ್ಯತಿರೇಕಗಳು ಇಲ್ಲಿ ದೊರೆತಂತಾಯಿತು. ಮಿದುಳೆಂಬ ಹೇತುವು ಎರಡು ಕಡೆಗಳಲ್ಲಿಯೂ ಸಮಾನವಾಗಿದ್ದುದರಿಂದ ವ್ಯಭಿಚರಿಸಿತು. ರಸದೃಷ್ಟಿಯಿಂದಲೂ ಇದೇ ಸಿದ್ಧಿಸುವುದು. ಭಯಾನಕಬೀಭತ್ಸಗಳಿಂದ ಆರಂಭವಾದ ಚಿತ್ರವು ಸಹೃದಯನಲ್ಲಿ ಕೊನೆಗೆ ಉಳಿಸುವುದು ಕರುಣವನ್ನು. ಉರಿಯುವ ಗಾಳಿಗಿರಣಿಯೊಳಗೆ ಸಿಕ್ಕಿ ಕೂಗುವವನು ಕೇವಲ ಅಪರಾಧಿಯಾಗಿದ್ದರೆ ಕರುಣಕ್ಕೆ ಅವಕಾಶವಿರುತ್ತಿರಲಿಲ್ಲ.

ಮುಂದಿನ ಚಿತ್ರಗಳು ಈ ವಿವೇಕವನ್ನು ಉಳಿಸಿಕೊಳ್ಳಲಿಲ್ಲ. ೧೯೪೨ರ ‘ಘೋಸ್ಟ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಈಗೋರ್ ಎಂಬ ದುಷ್ಟನ ಮಿದುಳನ್ನು ಮೋಸದಿಂದ ಅವನ ತಲೆಗೆ ಕೂಡಿಸುವರು. ಅವನು ಈಗೋರನ ಧ್ವನಿಯಿಂದಲೇ ಮಾತನಾಡುವನು. ಶ್ರುತವಾದುದೇ ದೃಷ್ಟವೂ ಆಯಿತು, ಕಥೆಯು ಯಂತ್ರದಂತಾಯಿತು.

೭. ಚರಿತ್ರೆಯ ಸಾಕ್ಷ್ಯ

ಮಿದುಳನ್ನು ತಿದ್ದಿದರೆ ಮನುಷ್ಯನು ತಿದ್ದಲ್ಪಡುವನೆಂಬ ಮತವು ತೆರೆಯ ಮೇಲೆ ಮಾತ್ರ ಉಳಿಯಲಿಲ್ಲ. ೧೯೩೫ರ ನವೆಂಬರಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಮೋನಿಜನು, ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಛೇದಿಸುವ ಶಸ್ತ್ರಕ್ರಿಯೆಯನ್ನು ಆರಂಭಿಸಿದನು. ಮರುವರ್ಷವೇ ಅಮೆರಿಕದಲ್ಲಿ ಫ್ರೀಮನ್ ಮತ್ತು ವಾಟ್ಸ್ ಎಂಬುವರು ಅದನ್ನು ಕೈಗೊಂಡರು. ಬೆಂಗಳೂರಿನ ಮಾನಸಿಕ ರೋಗಿಗಳ ಆಸ್ಪತ್ರೆಯ ಡಾ. ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಡಾ. ಬಾಲಕೃಷ್ಣರಾಯರೂ ಭಾರತೀಯ ರೋಗಿಗಳಲ್ಲಿ ಈ ಚಿಕಿತ್ಸೆಯ ಫಲವನ್ನು ಕುರಿತು ೧೯೪೪ರಲ್ಲಿ ಇಂಗ್ಲೆಂಡಿನ ‘ಲಾನ್ಸೆಟ್’ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಬೇರೆ ಮದ್ದಿಲ್ಲದ ಆ ಕಾಲದಲ್ಲಿ ವೈದ್ಯರು ಇದನ್ನು ರೋಗಶಮನದ ಆಶೆಯಿಂದ ಮಾಡಿದರೆಂಬುದನ್ನು ಮರೆಯಬಾರದು. ಮೋನಿಜನಿಗೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಅನೇಕ ರೋಗಿಗಳಲ್ಲಿ ಉದ್ವೇಗದೊಡನೆ ಉತ್ಸಾಹವೂ ವ್ಯಕ್ತಿತ್ವವೂ ಕುಂದಿದುವು. ೧೯೫೨ರಿಂದೀಚೆಗೆ ಮನೋರೋಗಕ್ಕೆ ಔಷಧಗಳು ಬಳಕೆಗೆ ಬರಲು, ಆ ಶಸ್ತ್ರಕ್ರಿಯೆಯು ಕ್ರಮವಾಗಿ ಹಿಂದೆ ಸರಿಯಿತು.

ಮಿದುಳಿನ ಹಾನಿಯಿಂದ ನಡತೆಯು ಕೆಡಬಹುದೆಂಬುದು ನಿಜ; ಅದನ್ನು ನಿರಾಕರಿಸುವುದು ಶಾಸ್ತ್ರವಿರುದ್ಧವಾಗುವುದು. ಆದರೆ ಭರಣಿಯಲ್ಲಿರುವ ಮಿದುಳನ್ನು ನೋಡಿ ಇವನು ಪಾಪಿ, ಇವನು ಪ್ರತಿಭಾವಂತ ಎಂದು ಹೇಳಬಹುದೆಂಬುದು ಬೇರೆ ಮಾತು. ಇದಕ್ಕೆ ಫ್ರಿಟ್ಸನ ಕಥೆಯನ್ನು ಹೋಲುವ ನಿಜವಾದ ನಿದರ್ಶನವೇ ಜರ್ಮನಿಯ ಗಟಿಂಗೆನ್ ನಗರದಲ್ಲಿ ದೊರೆತಿದೆ. ಮಹಾಗಣಿತಜ್ಞನಾದ ಗೌಸನು ೧೮೫೫ರಲ್ಲಿ ಮೃತನಾದಾಗ ವಾಗ್ನರನೆಂಬ ಪಂಡಿತನು ಆತನ ಮಿದುಳನ್ನು ತೂಗಿ ೧೪೯೨ ಗ್ರಾಂ ಎಂದು ದಾಖಲಿಸಿ, ಚಿತ್ರಗಳನ್ನು ಬರೆಸಿ, ಭರಣಿಯಲ್ಲಿಟ್ಟನು. ಅದೇ ವರ್ಷ ಮೃತನಾದ ಅದೇ ನಗರದ ವೈದ್ಯನಾದ ಫುಕ್ಸನ ಮಿದುಳನ್ನೂ ಸಂಗ್ರಹಕ್ಕೆ ಸೇರಿಸಿದ್ದರು. ೨೦೧೩ರಲ್ಲಿ ಅಲ್ಲಿಯ ಸಂಶೋಧಕರು ಹಳೆಯ ಚಿತ್ರಗಳೊಡನೆ ಹೋಲಿಸಿ ನೋಡಲು, ಎರಡು ಭರಣಿಗಳೂ ಬಹುಕಾಲದ ಹಿಂದೆಯೇ ಅದಲುಬದಲಾಗಿದ್ದುದು ಗೊತ್ತಾಯಿತು. ಗೌಸನದೆಂದು ಪಂಡಿತರು ಪರೀಕ್ಷಿಸುತ್ತಿದ್ದ ಮಿದುಳು ಫುಕ್ಸನದು. ಪ್ರಮಾದವು ಬಯಲಾದುದು ಹಳೆಯ ಚಿತ್ರದ ಗೆರೆಗಳಿಂದಲೇ ಹೊರತು, ಇದರಲ್ಲಿ ಗಣಿತಪ್ರತಿಭೆಯು ಕಾಣದೆಂದು ಯಾರೂ ಸಂದೇಹಿಸಿದುದರಿಂದಲ್ಲ.

೮. ನಿರ್ಣಯ

ಮೇಲ್ಕಂಡ ವಿಚಾರದಿಂದ ಇಷ್ಟು ಸಿದ್ಧವಾಗುವುದು. ಅಪರಾಧಿಯ ಮಿದುಳಿನ ಪ್ರಸಂಗವು ಮೇರಿ ಷೆಲ್ಲಿಯದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಒಂದು ವಾದದಿಂದ ಬಂದು ಚಿತ್ರಕ್ಕೆ ಸೇರಿದುದು. ಆ ವಾದವನ್ನು ಚಿತ್ರವು ಬಾಯಿಂದ ಹೇಳಿದರೂ ತನ್ನ ದೃಶ್ಯಗಳಿಂದ ಖಂಡಿಸಿದೆ. ಆದುದರಿಂದ ಈ ಕಥೆಯನ್ನು ಬೋಧಿಸುವವರು, ಸೇವಕನು ತಪ್ಪು ಭರಣಿಯನ್ನು ತಂದುದರಿಂದ ಅನರ್ಥವಾಯಿತೆಂದು ಹೇಳಿ ನಿಲ್ಲಿಸುವುದು ಸಾಧುವಲ್ಲ. ಹೆನ್ರಿಯು ಕೊಟ್ಟ ಉತ್ತರದಲ್ಲಿ, ಅವನು ಅರಿಯದೆಯೇ, ಒಂದು ಸತ್ಯಾಂಶವಿದ್ದಿತು. ಭರಣಿಯಲ್ಲಿದ್ದುದು ಸತ್ತ ಮಾಂಸವೇ ಸರಿ. ಅದಕ್ಕೆ ಜೀವವು ಬಂದ ಮೇಲೆ ನಡೆಯಬೇಕಾಗಿದ್ದ ಪಾಲನೆಯು ಹೆನ್ರಿಯ ಕರ್ತವ್ಯವಾಗಿದ್ದಿತು. ಅವನು ಮದುವೆಯ ಮನೆಗೆ ತೆರಳಿದ ದಿನ, ಆ ಕರ್ತವ್ಯವನ್ನು ವಹಿಸಿಕೊಳ್ಳುವವರು ಆ ಊರಿನಲ್ಲಿ ಮರಿಯಾ ಒಬ್ಬಳಲ್ಲದೆ ಬೇರೊಬ್ಬರಿರಲಿಲ್ಲ.